ತಂಪುಪೆಟ್ಟಿಗೆಗೆ ಬೇರೆ ಬ್ಯಾಟರಿ

ಯಲಹಂಕದಲ್ಲಿ ವಾಸಿಸುವ ನಮಗೆ ಬೇಸಗೆಯ ನಿಜಸ್ವರೂಪವು ತಿಳಿಯುವುದು ಬಡಗಣ ಸೀಮೆಗೆ ಹೊರಟಾಗಲೇ. ಬಳ್ಳಾರಿಯಲ್ಲಿ ಬಂಧುಗಳಿರುವುದರಿಂದ ವೈಶಾಖದ ಮದುವೆ ಮುಂಜಿಗಳಿಗೆ ಆ ಕಡೆ ಹೋಗಲೇಬೇಕಾಗುವುದು. ದಾರಿ ಸುಮಾರು ೩೦೦ ಕಿಲೋಮೀಟರು. ನಡುವೆ ಊಟ, ದೇವರ ದರ್ಶನ, ನೆಂಟರ ಮನೆ ಎಂದು ಕಾರನ್ನು ನಿಲ್ಲಿಸುವುದೇ ನಾಲ್ಕೈದು ಗಂಟೆ. ನಮ್ಮ ತಾಯಿಯವರು ಮಧುಮೇಹಕ್ಕಾಗಿ ದಿನವೂ ಇನ್ಸುಲಿನ್ ಚುಚ್ಚಿಸಿಕೊಳ್ಳುವವರು. ಔಷಧವು ಕೆಟ್ಟೀತೆಂಬ ಭಯದಿಂದ, "ನೀವೆಲ್ಲ ಹೋಗಿಬನ್ನಿ, ನಾನು ಮನೆ ನೋಡಿಕೊಂಡಿರುತ್ತೇನೆ" ಎಂದು ಅವರು ಹಲವು ಶುಭಕಾರ್ಯಗಳನ್ನು ಬಿಟ್ಟುದುಂಟು.

ಆ ಭಯವು ನಿರಾಧಾರವಲ್ಲ. ೧೯೨೧ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್ ಎಂಬವರು ಬೇರ್ಪಡಿಸಿದ ಈ ಔಷಧವು ಅಸಂಖ್ಯ ಪ್ರಾಣಗಳನ್ನು ಉಳಿಸಿರುವುದಾದರೂ, ಬಿಸಿಯನ್ನು ಸಹಿಸಲಾರದು. ತೆರೆಯದ ಸೀಸೆಯನ್ನು ೨ರಿಂದ ೮ ಡಿಗ್ರಿಗಳೊಳಗೆ ಇಡಬೇಕು, ಬಳಕೆಯಲ್ಲಿರುವುದು ಸಾಮಾನ್ಯವಾಗಿ ೩೦ ಡಿಗ್ರಿಯೊಳಗೆ ನಾಲ್ಕು ವಾರ ಬಾಳುವುದು, ಹೆಪ್ಪುಗಟ್ಟಿದರಂತೂ ಎಸೆಯತಕ್ಕದ್ದೇ. ಬಿಸಿಲಲ್ಲಿ ನಿಂತ ಕಾರಿನೊಳಗೆ ಶಾಖವು ೫೦ ಡಿಗ್ರಿಯನ್ನೂ ಮೀರುವುದುಂಟು. ಮೊಸರನ್ನವು ಹಳಸಿದರೆ ಮೂಗಿಗೆ ತಿಳಿಯುವುದು. ಇನ್ಸುಲಿನ್ ಶಕ್ತಿಗುಂದಿದರೆ ಕಣ್ಣಿಗೂ ತೋರದಿರಬಹುದು.

ಕಾರಿನ ೧೨ ವೋಲ್ಟಿನಿಂದ ನಡೆಯುವ ತಂಪುಪೆಟ್ಟಿಗೆಗಳಲ್ಲಿ ಎರಡು ಬಗೆ. ಎರಡು ಲೋಹಗಳ ಸಂಧಿಯಲ್ಲಿ ವಿದ್ಯುತ್ತು ಹರಿದರೆ ಅಲ್ಲಿ ತಂಪಾಗಲಿ ಬಿಸಿಯಾಗಲಿ ಉಂಟಾಗುವುದೆಂದು ೧೮೩೪ರಲ್ಲಿ ಪೆಲ್ಟಿಯೆ ಎಂಬ ಫ್ರೆಂಚರು ಕಂಡ ತತ್ತ್ವದಿಂದ ನಡೆಯುವುದು ಅಗ್ಗದ ಬಗೆ. ಇದು ಹೊರಗಣ ಶಾಖಕ್ಕಿಂತ ಸುಮಾರು ೨೦ ಡಿಗ್ರಿ ಮಾತ್ರ ಇಳಿಸಬಲ್ಲುದು. ಬಳ್ಳಾರಿಯ ೪೦ ಡಿಗ್ರಿಯಲ್ಲಿ ಒಳಗೆ ೨೦ ಇದ್ದೀತು. ಬಳಕೆಯ ಸೀಸೆಗೆ ಅದು ಸಾಕು, ತೆರೆಯದ ಸೀಸೆಗೆ ಸಾಲದು. ಮನೆಯ ಫ್ರಿಜ್ಜಿನಂತೆ ಕಂಪ್ರೆಸರ್ ಉಳ್ಳದ್ದು ಎರಡನೆಯ ಬಗೆ. ನಾವು ಆರಿಸಿದ್ದು ಇದನ್ನೇ. ಒಳಗೊಂದು ಉಷ್ಣಮಾಪಕವನ್ನೂ ಇಟ್ಟೆವು.

ಪೆಟ್ಟಿಗೆಗೆ ವಿದ್ಯುತ್ತು ಎಲ್ಲಿಂದ? ಎಂಜಿನ್ ನಡೆಯುವಾಗ ಆಲ್ಟರ್ನೇಟರ್ ಒದಗಿಸುವುದು. ನಿಂತಾಗಲೇ ತೊಡಕು. ಕೆಲವು ಕಾರುಗಳಲ್ಲಿ ಕೀಲಿ ತೆಗೆದೊಡನೆ ಸಾಕೆಟ್ಟೂ ನಿಲ್ಲುವುದು. ನಿಲ್ಲದ ಕಾರುಗಳಲ್ಲಿ ಲೆಕ್ಕವನ್ನು ನೋಡಿರಿ: ೪೫ ಆಂಪಿಯರ್-ಗಂಟೆಯ ಬ್ಯಾಟರಿ ಎಂದರೆ ಒಂದು ಆಂಪಿಯರನ್ನು ೪೫ ಗಂಟೆ ಕೊಡುವಷ್ಟು ಸಂಗ್ರಹ. ಪೆಟ್ಟಿಗೆಯು ಬಿಡದೆ ೪ ಆಂಪಿಯರ್ ಎಳೆದರೆ ಐದು ಗಂಟೆಗೆ ೨೦ ಮುಗಿಯಿತು. ಎಂಜಿನನ್ನು ಹೊರಡಿಸುವ ಬ್ಯಾಟರಿಯಾದರೋ ಕ್ಷಣಮಾತ್ರ ನೂರಾರು ಆಂಪಿಯರ್ ಕೊಡಲೆಂದು ಮಾಡಿದ್ದು. ಹೀಗೆ ಬಸಿದರೆ ಬೇಗ ಹಾಳಾಗುವುದು, ಕಾರೂ ಹೊರಡದೆ ಹೋದೀತು. ಬಿತ್ತನೆಯ ಬೀಜವನ್ನು ಉಣ್ಣಬಾರದೆಂದು ನಮ್ಮ ಒಕ್ಕಲಿಗರು ಹೇಳುವುದು ಇಂಥದನ್ನೇ. ಉಣ್ಣುವ ಕಾಳು ಬೇರೆಯಿರಬೇಕು.

ಆದುದರಿಂದ ಆರ್.ಟಿ. ನಗರದ ಒಬ್ಬ ಅನುಭವಿ ಆಟೋ ಎಲೆಕ್ಟ್ರಿಷಿಯನ್ನರಿಂದ ಎರಡನೆಯ ಬ್ಯಾಟರಿಯನ್ನು ಕೂಡಿಸಿಕೊಂಡೆವು. ಇದು ನಿಧಾನವಾಗಿ ಬಸಿಯುವುದನ್ನು ತಾಳುವ ಜಾತಿಯದು, ೬೦ ಆಂಪಿಯರ್-ಗಂಟೆಯದು; ಅರ್ಧವನ್ನೇ ಬಳಸಿದರೂ ಏಳು ಗಂಟೆಗೆ ಮೋಸವಿಲ್ಲ. ಡಿಕ್ಕಿಯಲ್ಲಿ ಇಡುವುದರಿಂದ ಆಮ್ಲ ಚೆಲ್ಲದ, ಮುಚ್ಚಿದ ಬ್ಯಾಟರಿಯೇ ಬೇಕು. ಚಾರ್ಜಿನ ಹೊತ್ತಿನಲ್ಲಿ ಅನಿಲ ಹೊರಟರೆ ಹೋಗಲು ಗಾಳಿಯಿರಬೇಕು. ಬ್ಯಾಟರಿಯನ್ನು ಅಲುಗದಂತೆ ಬಿಗಿಯಬೇಕು. ತಂತಿ ದಪ್ಪವಾಗಿರಲಿ, ಒಂದೊಂದು ಬ್ಯಾಟರಿಯ ಬಳಿಯೂ ಫ್ಯೂಸ್ ಇರಲಿ. ಎಂಜಿನ್ ನಿಂತೊಡನೆ ಎರಡನ್ನೂ ಅಗಲಿಸುವ ರಿಲೇ ಇದರ ಪ್ರಾಣ. ಹೊಸ ಕಾರುಗಳ ಆಲ್ಟರ್ನೇಟರ್ ವೋಲ್ಟನ್ನು ಏರಿಳಿಸುವುದರಿಂದ ಅವುಗಳಿಗೆ ರಿಲೇಯ ಬದಲು ಡಿಸಿ-ಡಿಸಿ ಚಾರ್ಜರ್ ಬೇಕಾದೀತು. ವಾರಂಟಿಯ ಷರತ್ತನ್ನೂ ಮೊದಲೇ ಕೇಳಿಕೊಳ್ಳುವುದು ಲೇಸು.

ಈಗ ನಮ್ಮ ತಾಯಿಯವರೇ ಪ್ರಯಾಣದ ಹಿಂದಿನ ರಾತ್ರಿ ಪೆಟ್ಟಿಗೆಯನ್ನು ಮನೆಯ ವಿದ್ಯುತ್ತಿನಿಂದ ತಂಪುಮಾಡಿಸುವರು; ಮರುದಿನ ಎಲ್ಲರಿಗಿಂತ ಮೊದಲು ಕಾರೇರುವರು. ಮಂಜಿನ ಗಡ್ಡೆಯ ಒಂದು ಚೀಲವನ್ನೂ ಜೊತೆಗೆ ಒಯ್ಯುವೆವು. ಔಷಧಕ್ಕೆ ಅದು ತಗಲಬಾರದು. ಯಂತ್ರವೆಂದಮೇಲೆ ಕೈಕೊಡುವುದೂ ಉಂಟಷ್ಟೆ. ಮನೆಯಲ್ಲಿ ಇಂಥ ಹಿರಿಯರಿದ್ದರೆ ಗೃಹಸ್ಥರು ವೈದ್ಯರನ್ನು ಕೇಳಿ, ಲೆಕ್ಕ ಹಾಕಿ, ಈ ಏರ್ಪಾಡನ್ನು ಮಾಡಿಕೊಳ್ಳಲಿ. ಮದುವೆಯ ಚಪ್ಪರದಲ್ಲಿ ಅಕ್ಷತೆ ಹಾಕುವ ಹಿರಿಯ ಕೈಯೊಂದು ಔಷಧದ ಚಿಂತೆಯಿಂದ ಮನೆಯಲ್ಲಿ ಉಳಿಯದಿರಲಿ.