ಬ್ಯಾಡಗಿಯ ಮನೆಗೆ ಮರದ ನೆಲ

ಹುಬ್ಬಳ್ಳಿಯಿಂದ ಹರಿಹರದತ್ತ ಸಾಗುವ ರೈಲು ಹಾವೇರಿಯನ್ನು ದಾಟಿ ಬ್ಯಾಡಗಿಯನ್ನು ಸಮೀಪಿಸುವಾಗ, ಸುಗ್ಗಿಯ ದಿನಗಳಾಗಿದ್ದರೆ, ಊರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ತಿಳಿಯುತ್ತದೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಕೀರ್ತಿಯ ಇಲ್ಲಿನ ಸುಕ್ಕುಮೈಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮನೆಯ ನೆಲಕ್ಕೆ ಏನು ಹಾಸಬೇಕೆಂಬ ಪ್ರಶ್ನೆಗೂ ಈ ಕಾಯಿಗೂ ನಂಟಿದೆಯೆಂದರೆ ಓದುಗರು ನಕ್ಕಾರು, ಆದರೂ ಉಂಟು.

ಈ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಮರಕ್ಕೆ ಕೊರತೆಯಿರಲಿಲ್ಲ. ಹೊಸ್ತಿಲು, ಕಂಬ, ಬೋದಿಗೆ, ತೊಲೆ, ಜಂತಿ ಎಲ್ಲವೂ ಮರವೇ, ಅನುಕೂಲಸ್ಥರಲ್ಲಿ ಸಾಗವಾನಿ. ಆದರೆ ಅಂಗಾಲಿಗೆ ತಾಗುತ್ತಿದ್ದುದು ಸಗಣಿ ಸಾರಿಸಿದ ಮಣ್ಣು, ಇಲ್ಲವೆ ಕಲಬುರಗಿ ಕಡೆಯ ಶಹಾಬಾದಿ ಫರಸಿ. ಹಿರಿಯರು ಮರವನ್ನು ತಲೆಯ ಮೇಲಿಟ್ಟು ಕಲ್ಲನ್ನು ಕಾಲ ಕೆಳಗಿಟ್ಟಿದ್ದರು.

ಅಂಥದೊಂದು ಮನೆ ಈಚೆಗೆ ಹೊಸದಾಯಿತು. ಬೆಂಗಳೂರಿನ ಗೆಳೆಯರಲ್ಲಿ ಮರದ ನೆಲವನ್ನು ಕಂಡುಬಂದಿದ್ದ ಮಗನಿಗೆ, ಇಳಿಸಿದ ತೊಲೆಗಳನ್ನೇ ಸೀಳಿಸಿ ನಡುಮನೆಗೆ ಹಲಗೆ ಹಾಸಿಸುವ ಆಸೆ. ತಾಯಿ ಎಪ್ಪತ್ತು ದಾಟಿದವರು. ಹಿಂದಿನ ವರ್ಷ ಮಗಳ ಮನೆಯ ಮಿರುಗುವ ನೆಲದ ಮೇಲೆ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡಿದ್ದವರು. ಅವರು ಕೇಳಿದ್ದು ಇಷ್ಟೇ: “ಅಲ್ಲೋ ತಮ್ಮಾ, ನೀರು ಚೆಲ್ಲಲಾರದಂಗ ಸಂಸಾರ ಮಾಡಾಕ ಬರತೈತೇನು?”

ಆ ಮಾತಿನಲ್ಲಿ ಶಾಸ್ತ್ರವಿದೆ. ಮರ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಉದ್ದಕ್ಕಿಂತ ಅಗಲದಲ್ಲಿ ಇದು ಹೆಚ್ಚು. ಏಪ್ರಿಲಿನ ಬಿಸಿಲನ್ನೂ ಜುಲೈನ ಜಡಿಮಳೆಯನ್ನೂ ಕಾಣುವ ಊರಿನಲ್ಲಿ ಹಲಗೆಗಳ ನಡುವೆ ಸಂದು ಬಿಡುವುದು ಸಹಜ. ನೆಲಕ್ಕೆ ಹತ್ತಿರವಾದಷ್ಟೂ ಗೆದ್ದಲಿನ ಭಯ ಬೇರೆ. 1977ರಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡ ಲ್ಯಾಮಿನೇಟ್ ನೆಲ ಅಗ್ಗವೇನೋ ಹೌದು. ಆದರೆ ಮೇಲಿರುವುದು ಮರದ ಚಿತ್ರ, ಒಳಗಿರುವುದು ಒತ್ತಿ ಗಟ್ಟಿಗೊಳಿಸಿದ ಮರದ ನಾರು. ನೀರು ಸಂದಿಗಿಳಿದರೆ ಅದು ಉಬ್ಬುತ್ತದೆ. ಇನ್ನು ಮೆಣಸಿನಕಾಯಿಯ ಬಣ್ಣ ಕರಗುವುದು ನೀರಿನಲ್ಲಲ್ಲ, ಎಣ್ಣೆಯಲ್ಲಿ. ನೆಲದ ಮೇಲೆ ಕುಳಿತು ಉಣ್ಣುವ ಮನೆಯಲ್ಲಿ, ಮೆರುಗು ಸವೆದ ಹಲಗೆಯ ಮೇಲೆ ಒಗ್ಗರಣೆಯ ಕೆಂಪೆಣ್ಣೆ ಬಿದ್ದರೆ ಎಳೆಯೆಳೆಗೂ ಇಳಿದು ನಿಲ್ಲುತ್ತದೆ.

ಉಳಿದದ್ದು ಮರದ ಎಳೆಗಳನ್ನು ಅಚ್ಚೊತ್ತಿದ ವಿಟ್ರಿಫೈಡ್ ಟೈಲ್ಸು. ಅದು ಹೀರುವ ನೀರು ತೂಕದ ಶೇಕಡಾ 0.5ನ್ನು ಮೀರಬಾರದೆಂಬುದು ನಿಯಮ. ಗೆದ್ದಲಿಗೆ ಅದರಲ್ಲಿ ಆಹಾರವಿಲ್ಲ. ಮರದ ಬೆಚ್ಚನೆಯ ಸ್ಪರ್ಶ ಮಾತ್ರ ಅದರಿಂದ ದೊರೆಯದು. ಹೊಳಪಿಗೆ ಮರುಳಾಗದೆ ತರಿತರಿಯಾದ ಮೈಯದನ್ನು ಆರಿಸುವುದು ಕ್ಷೇಮ. ರಾಣೆಬೆನ್ನೂರಿನ ಅಂಗಡಿಯೊಂದರಲ್ಲಿ ಆ ತಾಯಿ ತಂಬಿಗೆ ನೀರು ತರಿಸಿ, ಒಂದೊಂದು ಮಾದರಿಯ ಮೇಲೂ ಚೆಲ್ಲಿಸಿ, ಮಗನ ಭುಜ ಹಿಡಿದು ಬರಿಗಾಲಿಟ್ಟು ನೋಡಿದರು. ನಾಲ್ಕನೆಯದಕ್ಕೆ ತಲೆಯಾಡಿಸಿದರು.

ನಡುಮನೆಗೆ ಅದೇ ಬಂತು. ಸಾಗವಾನಿಯೂ ವ್ಯರ್ಥವಾಗಲಿಲ್ಲ. ಹಲವು ದಶಕ ಒಣಗಿದ್ದ ಆ ತೊಲೆಗಳ ಹಲಗೆಗಳನ್ನು ಮಗ ಮಹಡಿಯ ಮೇಲಣ ತನ್ನ ಮಲಗುವ ಕೋಣೆಗೆ ಹಾಸಿಸಿಕೊಂಡನು. ಅಲ್ಲಿಗೆ ಸಾರಿನ ಬಟ್ಟಲನ್ನು ಯಾರೂ ಒಯ್ಯಕೂಡದೆಂಬ ಕಟ್ಟಪ್ಪಣೆ ಈಗ ಅವನದೇ.