ಕರಿಯ ಗಾಡಿಯ ಮೈಮೇಲಿನ ಗೀರುಗಳು

ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿ ನಿವೃತ್ತನಾದವನು. ಕನ್ನಡಿಯ ಮೇಲೆ ಬಿದ್ದ ಬೆಳಕು ಹೇಗೆ ಹಿಂದಿರುಗುತ್ತದೆ ಎಂಬುದನ್ನು ಎಷ್ಟು ತಂಡ ಮಕ್ಕಳಿಗೆ ಕರಿಹಲಗೆಯ ಮೇಲೆ ಗೆರೆ ಎಳೆದು ತೋರಿಸಿದ್ದೇನೋ ಲೆಕ್ಕವಿಲ್ಲ. ಅದೇ ಪಾಠವನ್ನು ಬನಹಟ್ಟಿಯ ನಮ್ಮ ಮನೆಯ ಅಂಗಳದಲ್ಲಿ ನಿಂತ ಒಂದು ಕರಿಯ ಕಾರಿನಿಂದ ನಾನು ಇಳಿವಯಸ್ಸಿನಲ್ಲಿ ಮತ್ತೆ ಕಲಿಯಬೇಕಾಯಿತು. ನನ್ನಂತೆಯೇ ಗಾಡಿಯನ್ನು ಮಕ್ಕಳಂತೆ ಜೋಪಾನ ಮಾಡುವ ಬಂಧುಗಳು ನಮ್ಮಲ್ಲಿ ಅನೇಕರಿರುವುದರಿಂದ ಈ ಸಂಗತಿಯನ್ನು ಸಂಕೋಚದಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ಕಾರು ನನ್ನದಲ್ಲ, ಮಗನದು. 2019ರಲ್ಲಿ ಅವನು ಸ್ವಂತ ದುಡಿಮೆಯಿಂದ ಕೊಂಡ ಮೊದಲ ಗಾಡಿ. ಕಪ್ಪು ಬಣ್ಣವೇ ಆಗಬೇಕೆಂದು ಹಟ ಹಿಡಿದವನೂ ಅವನೇ. ಬಿಸಿಲಿಗೆ ಕಾಯುತ್ತದೆ, ಧೂಳು ಎದ್ದು ಕಾಣುತ್ತದೆ ಎಂದು ಹಿರಿಯರೆಲ್ಲ ಬೇಡವೆಂದರು. (ಅಮೆರಿಕದ ಹೆನ್ರಿ ಫೋರ್ಡ್ 1914ರಿಂದ 1925ರವರೆಗೆ ತನ್ನ ಮಾಡೆಲ್ ಟಿ ಕಾರನ್ನು ಕಪ್ಪು ಬಣ್ಣ ಒಂದರಲ್ಲಿಯೇ ಮಾರಿದನಂತೆ, ಅವನ ಗಿರಾಕಿಗಳಿಗೆ ಹಿರಿಯರ ಮಾತು ಕೇಳುವ ಪ್ರಸಂಗವೇ ಬರಲಿಲ್ಲ.) 2022ರಲ್ಲಿ ಹೊರದೇಶದಲ್ಲಿ ನೌಕರಿ ದೊರೆತು ಹೊರಟುನಿಂತಾಗ ಮಗ ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟು, "ಅಪ್ಪಾ, ಇದನ್ನ ನಿಮ್ಮ ಕೈಯಾಗ ಕೊಟ್ಟ ಹೊಂಟೀನ್ರಿ, ನೋಡ್ಕೋರಿ" ಎಂದ. ಪ್ರತಿ ರವಿವಾರ ಫೋನು ಮಾಡಿದಾಗ ನಮ್ಮ ಆರೋಗ್ಯ ಕೇಳಿದ ಮೇಲೆ ಗಾಡಿಯನ್ನೂ ವಿಚಾರಿಸುತ್ತಿದ್ದ. "ಕನ್ನಡಿ ಇದ್ದಂಗ ಇಟ್ಟೀನಪಾ" ಎಂದು ನಾನು ಉತ್ತರ ಕೊಡುತ್ತಿದ್ದೆ.

ಆ ಮಾತು ಸುಳ್ಳೆಂದು ಆಗ ನನಗೆ ತಿಳಿದಿರಲಿಲ್ಲ. ದಿನವೂ ಪೂಜೆ ಮುಗಿಸಿ ಅಂಗಳಕ್ಕೆ ಬಂದವನೇ ಮಗ್ಗದ ಸೀರೆಯ ಹಳೆಯ ತುಂಡೊಂದನ್ನು ಹಿಡಿದು, ಬಾನೆಟ್ಟಿನಿಂದ ಡಿಕ್ಕಿಯವರೆಗೆ ಒಣಗಿದಂತೆಯೇ ಒರೆಸುತ್ತಿದ್ದೆ. ಒಂದು ದಿನವೂ ತಪ್ಪಿಸಿದ್ದಿಲ್ಲ. ಆ ಗಾಡಿಯಾದರೂ ಎಲ್ಲೆಲ್ಲಿ ತಿರುಗುತ್ತಿತ್ತು? ಜಮಖಂಡಿಯ ದವಾಖಾನೆಗೆ, ಮುಧೋಳದಲ್ಲಿ ಕೊಟ್ಟ ಮಗಳ ಮನೆಗೆ, ಬೀಳಗಿಯಲ್ಲಿರುವ ನಮ್ಮ ಮನೆಯವರ ತವರಿಗೆ. ಈ ದಾರಿಗಳ ಧೂಳು ಒಂದೇ ಬಗೆಯದಲ್ಲ. ಹೊಳೆಸಾಲಿನ ಎರೆಮಣ್ಣು ನುಣುಪು, ಹಿಟ್ಟಿನಂತಹುದು. ಲೋಕಾಪುರದ ಸೀಮೆಯದು ಸುಣ್ಣದಕಲ್ಲಿನ ಪುಡಿ. ಕಲಾದಗಿಯ ಸುತ್ತಲಿನ ಗುಡ್ಡಗಳಲ್ಲಿ ಬೆಣಚುಕಲ್ಲು, ಮರಳುಗಲ್ಲುಗಳಿವೆ. ಅವು ಸವೆದು ಆದ ಹುಡಿ ಕಣ್ಣಿಗೆ ಕಾಣದಷ್ಟು ಸಣ್ಣದಾದರೂ ಗಾಜನ್ನೇ ಗೀರಬಲ್ಲದು. ಕಬ್ಬು ನುರಿಸುವ ಕಾಲದಲ್ಲಿ ಚಿಮಣಿಗಳ ಬೂದಿ, ಹೊಲಗಳಲ್ಲಿ ಸುಟ್ಟ ರವದಿಯ ಕರಿ ರಾತ್ರಿಯೆಲ್ಲ ಉದುರುತ್ತವೆ. ಕಬ್ಬಿನ ಬೂದಿಯಲ್ಲಿಯೂ ಮರಳಿನ ಸತ್ವವಾದ ಸಿಲಿಕಾ ಹೇರಳವಾಗಿರುತ್ತದೆ. ಇಷ್ಟನ್ನೂ ನಾನು ದಿನಬೆಳಗಾದರೆ ಒಣ ಬಟ್ಟೆಯಡಿ ಹಿಡಿದು ಬಣ್ಣದ ಮೇಲೆ ಉಜ್ಜುತ್ತಿದ್ದೆ. ಬಟ್ಟೆಯ ಅಂಚಿಗೆ ಜರಿಯ ಎಳೆಯೂ ಇತ್ತೆಂಬುದನ್ನು ಬೇರೆ ಹೇಳಬೇಕೆ?

2023ರ ಮಹಾನವಮಿಗೆ ಮಗ ಊರಿಗೆ ಬಂದ. ಖಂಡೆಪೂಜೆಯ ದಿನ ಗಾಡಿಯನ್ನು ಅಂಗಳದ ನಡುವೆ ತಂದು ನಿಲ್ಲಿಸಿ, ಮೂರು ಬೆರಳಿನಿಂದ ವಿಭೂತಿ ಎಳೆಯಲು ಬಾನೆಟ್ಟಿನ ಮೇಲೆ ಬಾಗಿದವನು ಹಾಗೆಯೇ ನಿಂತುಬಿಟ್ಟ. ಹೊತ್ತು ನೆತ್ತಿಗೇರಿತ್ತು. ಕಪ್ಪು ಬಣ್ಣದಲ್ಲಿ ಸೂರ್ಯನ ಬಿಂಬ ಬಿದ್ದಿತ್ತು. ಅದರ ಸುತ್ತ ಜೇಡರ ಬಲೆಯಂತೆ ಸಾವಿರಾರು ಬಿಳಿಯ ಎಳೆಗಳು ಹೊಳೆಯುತ್ತಿದ್ದವು.

"ಅಪ್ಪಾ, ಇದನ್ನ ಯಾರ ಒರೆಸ್ತಾರ್ರಿ?"

"ಮತ್ತ ಯಾರು? ನಾನ. ದಿನಾ ಒರೆಸ್ತೀನಿ."

ಅವನು ಏನನ್ನೂ ಹೇಳಲಿಲ್ಲ. ವಿಭೂತಿ ಎಳೆದ, ಹೂವೇರಿಸಿದ, ಕಾಯಿ ಒಡೆದ. ಮರುದಿನ ಬನ್ನಿ ಕೊಟ್ಟು ಕಾಲಿಗೆ ನಮಸ್ಕರಿಸುವಾಗಲೂ ಆ ಮಾತೆತ್ತಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಅವನು ವಿಮಾನ ಹತ್ತಿದ ಮೇಲೆ ಬಹಳ ದಿನ ನಾನು ಆ ಗಾಡಿಯನ್ನು ಮಧ್ಯಾಹ್ನದ ಬಿಸಿಲಿನಲ್ಲಿ ನೋಡಲಾರದವನಾದೆ.

ಹೇಗಾದರೂ ಮಾಡಿ ಮೊದಲಿನಂತೆ ಮಾಡಬೇಕೆಂಬ ಆತುರ ಹುಟ್ಟಿತು. ಒಬ್ಬರು ಹಲ್ಲಿನ ಪೇಸ್ಟು ತಿಕ್ಕೆಂದರು, ಇನ್ನೊಬ್ಬರು ಸೀಮೆಎಣ್ಣೆ ಎಂದರು. ಪೇಸ್ಟಿನಲ್ಲಿಯೂ ಉಜ್ಜುವ ಪುಡಿ ಇರುತ್ತದೆ, ಆದರೆ ಅದನ್ನು ಮಾಡಿದ್ದು ಹಲ್ಲಿಗಾಗಿ. ಸೀಮೆಎಣ್ಣೆ ಗೀರಿನಲ್ಲಿ ತುಂಬಿಕೊಂಡು ಒಂದೆರಡು ದಿನ ಮರೆಮಾಡುತ್ತದೆ, ಅಷ್ಟೆ. ಕಡೆಗೆ ಸಮೀಪದ ಪೇಟೆಯ ಅಂಗಡಿಯೊಂದಕ್ಕೆ ಒಯ್ದು ಯಂತ್ರದಿಂದ ಪಾಲಿಶ್ ಮಾಡಿಸಿದೆ. ಸಂಜೆ ತರುವಾಗ ಥಳಥಳಿಸುತ್ತಿತ್ತು. ನಾಲ್ಕು ಸಲ ನೀರು ಬಿದ್ದ ಮೇಲೆ ಹಳೆಯ ಎಳೆಗಳೆಲ್ಲ ಮರಳಿ ಬಂದವು. ಜೊತೆಗೆ ಯಂತ್ರದ ಚಕ್ರ ಮೂಡಿಸಿದ ಹೊಸ ಸುಳಿಗಳೂ ಕಾಣಿಸಿಕೊಂಡವು.

ದಾರಿ ತೋರಿಸಿದವನು ಜಮಖಂಡಿಯಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವ ನನ್ನ ಹಳೆಯ ವಿದ್ಯಾರ್ಥಿ. ಹತ್ತನೆಯ ತರಗತಿಯಲ್ಲಿ ಅವನಿಗೆ ವಿಜ್ಞಾನದಲ್ಲಿ ಪಾಸಾಗುವಷ್ಟು ಅಂಕಗಳು ಬಂದಿದ್ದೇ ಒಂದು ಪವಾಡ. ಅವನು ಮೊಬೈಲಿನ ದೀಪವನ್ನು ಬಾನೆಟ್ಟಿನ ಮೇಲೆ ಅತ್ತಿತ್ತ ಆಡಿಸಿ, "ಸರ, ದೀಪ ಹೋದಲ್ಲಿ ಸುಳಿನೂ ಹೊಂಟೈತಿ ನೋಡ್ರಿ" ಎಂದ. ಆಗ ನನಗೆ ಹೊಳೆಯಿತು. ಗೀರುಗಳು ಸುತ್ತುಸುತ್ತಾಗಿಲ್ಲ, ಅಡ್ಡಾದಿಡ್ಡಿಯಾಗಿ ಎಲ್ಲ ದಿಕ್ಕಿಗೂ ಇವೆ. ಬೆಳಕಿನ ದಿಕ್ಕಿಗೆ ಅಡ್ಡವಾಗಿರುವವು ಮಾತ್ರ ಅದನ್ನು ನಮ್ಮ ಕಣ್ಣಿಗೆ ತಿರುಗಿಸುವುದರಿಂದ, ದೀಪದ ಸುತ್ತ ಬಳೆಬಳೆಯಾಗಿ ತೋರುತ್ತವೆ. ಬಿಳಿಯ ಗಾಡಿಯ ಮೇಲೂ ಅಷ್ಟೇ ಗೀರುಗಳಿರುತ್ತವೆ, ಆದರೆ ಬಿಳಿ ಬಣ್ಣವೇ ಬೆಳಕನ್ನೆಲ್ಲ ಚೆದುರಿಸುವುದರಿಂದ ಅದರಲ್ಲಿ ಅವು ಮುಳುಗಿಹೋಗುತ್ತವೆ. ಕಪ್ಪು ಬಣ್ಣ ಬೆಳಕನ್ನು ನುಂಗುತ್ತದೆ. ಗೀರು ಒಂದೇ ಉಳಿದು ಎದ್ದು ಕಾಣುತ್ತದೆ.

ಅವನು ಇನ್ನೊಂದು ಮಾತನ್ನೂ ತಿಳಿಸಿದ. ಹಳೆಯ ಕಾಲದ ಗಾಡಿಗಳ ಬಣ್ಣವೇ ಹೊರಮೈ. ತಿಕ್ಕಿದರೆ ಬಟ್ಟೆಗೆ ಬಣ್ಣ ಹತ್ತುತ್ತದೆ. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಗಾಜಿನಂತೆ ಪಾರದರ್ಶಕವಾದ ಇನ್ನೊಂದು ಪದರವಿರುತ್ತದೆ. ಅದಕ್ಕೆ ಕ್ಲಿಯರ್ ಕೋಟ್ ಎನ್ನುತ್ತಾರೆ. ಸಾಮಾನ್ಯವಾಗಿ ಅದರ ದಪ್ಪ 40-50 ಮೈಕ್ರಾನ್, ಎಂದರೆ ನಮ್ಮ ತಲೆಗೂದಲಿಗಿಂತ ತೆಳು. ಗೀರುಗಳಿರುವುದು ಅದರಲ್ಲಿ. ಗೀರನ್ನು ತುಂಬಿ ಸರಿಪಡಿಸುವುದಲ್ಲ. ಗೀರಿನ ತಳ ಮುಟ್ಟುವವರೆಗೆ ಸುತ್ತಲಿನ ಮೈಯನ್ನೇ ಸವೆಸಿ ಸಮಮಾಡಬೇಕು. ಪ್ರತಿ ಪಾಲಿಶ್‌ಗೂ ಒಂದೆರಡು ಮೈಕ್ರಾನ್ ಹೋಗುತ್ತದೆ, ಹೋದದ್ದು ಮರಳುವುದಿಲ್ಲ. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಅದೇ ಪದರ. ತೀರ ತೆಳುವಾದರೆ ನಮ್ಮ ಬೇಸಗೆಯ ಬಿಸಿಲಿಗೆ ಹಪ್ಪಳದಂತೆ ಸುಲಿಯುತ್ತದೆ. "ಅದಕ್ಕ ಸರ, ಪೂರಾ ಹೋಗಬೇಕಂತ ಹಟ ಹಿಡೀಬ್ಯಾಡ್ರಿ" ಎಂದ.

ಕೆಲಸಕ್ಕೆ ನಾನೇ ಕೈಹಚ್ಚಿದೆ. ತಗಡಿನ ಚಪ್ಪರದ ನೆರಳಿನಲ್ಲಿ, ಬಿಸಿಲೇರುವ ಮುನ್ನ. ಕಾದ ಬಾನೆಟ್ಟಿನ ಮೇಲೆ ಪಾಲಿಶ್ ಕೂಡಲೇ ಒಣಗಿಬಿಡುತ್ತದೆ. ಮೊದಲು ನೀರು ಸುರಿದು ಧೂಳನ್ನು ಕೈ ಮುಟ್ಟದೆ ಹರಿಸಿಬಿಡಬೇಕು. ಎರಡು ಬಕೀಟು ಇಟ್ಟುಕೊಳ್ಳಬೇಕು: ಒಂದರಲ್ಲಿ ಗಾಡಿಯ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿಯ ನೀರು. ಈ ಎರಡನೆಯದರ ತಳದಲ್ಲಿ ನೆಲೆಸಿದ ರವೆಯನ್ನು ನೋಡಿದಾಗ ಇಷ್ಟು ವರ್ಷ ನಾನು ಏನು ಮಾಡುತ್ತಿದ್ದೆನೆಂಬುದು ಕಣ್ಣಿಗೆ ಕಟ್ಟಿತು. ಒರೆಸಲು ಮೈಕ್ರೋಫೈಬರ್ ಬಟ್ಟೆ. ನಮ್ಮ ರಬಕವಿ-ಬನಹಟ್ಟಿಯ ಮಗ್ಗದ ಬಟ್ಟೆಗೆ ಅವಮಾನವಾದಂತೆ ಅನಿಸಿತಾದರೂ ಅದರ ಗಂಜಿ, ಅಂಚು, ಜರಿ ಮೈಮೇಲಿನ ಉಡುಗೆಗೇ ಚೆಂದ. ಇನ್ನು ನೀರಿನ ವಿಷಯ. ಕೊಳವೆಬಾವಿಯ ಸವಳು ನೀರು ಗಾಡಿಯ ಮೇಲೆ ತಾನಾಗಿ ಆರಿದರೆ ಸುಣ್ಣದ ಚುಕ್ಕೆಗಳಾಗಿ ಕೂಡುತ್ತದೆ. ಆದ್ದರಿಂದ ಕೊನೆಯ ತಂಬಿಗೆ ಸಿಹಿನೀರಿನದಾಗಿರಲಿ, ಒಡನೆಯೇ ಬಟ್ಟೆ ಹಾಸಿ ಒತ್ತಿ ತೆಗೆಯಿರಿ.

ಆಮೇಲೆ ಗೀರಿನ ಮೇಲೆ ಉಗುರು ಆಡಿಸಿ ನೋಡಬೇಕು. ಉಗುರು ಸಿಕ್ಕಿಕೊಂಡರೆ ಅದು ಪಾಲಿಶ್‌ಗೆ ಮಣಿಯುವ ಗೀರಲ್ಲ. ಸಿಕ್ಕದಿದ್ದರೆ ಎಲ್ಲಕ್ಕಿಂತ ನಯವಾದ ಪಾಲಿಶನ್ನು ಕಾಸಗಲದಷ್ಟು ಸ್ಪಂಜಿಗೆ ಹಚ್ಚಿ, ಮೊದಲು ಗೇಣಗಲ ಜಾಗದಲ್ಲಿ ಮಾತ್ರ ಹಗುರವಾಗಿ ತಿಕ್ಕಿ ಪರೀಕ್ಷಿಸಬೇಕು. ತಿಕ್ಕಿದ ಮೇಲೆ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಎಣ್ಣೆಯ ಅಂಶ ತೆಗೆದು ನೋಡದಿದ್ದರೆ ಮೋಸ ಹೋಗುತ್ತೀರಿ. ನನ್ನ ಯಂತ್ರದ ಪಾಲಿಶ್ ನಾಲ್ಕೇ ದಿನ ಹೊಳೆದದ್ದು ಆ ಎಣ್ಣೆಯ ಪ್ರತಾಪದಿಂದ. ಹೀಗೆ ದಿನಕ್ಕೊಂದು ಭಾಗದಂತೆ ಹದಿನಾರು ದಿನ ಹಿಡಿಯಿತು. ಕೊನೆಗೆ ಮೇಣದ ಲೇಪ ಕೊಟ್ಟೆ. ಬಹುಪಾಲು ಎಳೆಗಳು ಮಾಯವಾದವು. ಕೆಲವು ಉಳಿದವು. ಬಲಗಡೆಯ ಬಾಗಿಲಿನ ಮೇಲೆ ಮುಧೋಳದ ದಾರಿಯಲ್ಲಿ ಕಬ್ಬಿನ ಟ್ರೇಲರ್ ಒಂದು ಎಳೆದ ಗೆರೆಗೆ ಉಗುರು ಸಿಕ್ಕುತ್ತದೆ. ಅದನ್ನು ಹಾಗೆಯೇ ಬಿಟ್ಟೆ.

ಇಷ್ಟೆಲ್ಲ ಆಗುತ್ತಿರುವಾಗ ನಮ್ಮ ಮನೆಯವರು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದವರು ಒಂದು ದಿನ ಮೆಲ್ಲಗೆ, "ದಿನಾ ಲಿಂಗಕ್ಕ ಮೊದಲ ನೀರು, ಆಮ್ಯಾಲ ಮೆತ್ತನ್ನ ಬಟ್ಟಿ. ಒಣಾ ಎಂದರೆ ತಿಕ್ಕೀರೇನು?" ಎಂದರು. ಗಾಡಿಯನ್ನು ಲಿಂಗಕ್ಕೆ ಹೋಲಿಸುವ ಉದ್ಧಟತನ ಅವರದಲ್ಲ, ನನ್ನದೂ ಅಲ್ಲ. ಆದರೆ ಪ್ರತಿದಿನ ಅಂಗೈಯಲ್ಲಿ ಹಿಡಿದು ನೋಡಿದ ಕಪ್ಪು ಹೊಳಪನ್ನು ಕಾಯುವ ಕ್ರಮ ನನ್ನ ಕೈಗೆ ಗೊತ್ತಿತ್ತು; ಪೂಜೆಯ ಕೋಣೆಯಿಂದ ಅಂಗಳಕ್ಕೆ ಬರುವಷ್ಟರಲ್ಲಿ ಅದೇ ಕೈ ಮರೆಯುತ್ತಿತ್ತು. ಖಂಡೆಪೂಜೆಯ ವಿಭೂತಿಯನ್ನು ಕೂಡ ನಾನು ಒಣಗಿದ ಮೇಲೆ ಬಟ್ಟೆಯಿಂದ ಉಜ್ಜಿಯೇ ತೆಗೆಯುತ್ತಿದ್ದೆ. ಅದೂ ಬೂದಿಯಲ್ಲವೆ? ಈಗ ತಂಬಿಗೆ ನೀರೆರೆದು ಇಳಿಸುತ್ತೇನೆ.

ಕಳೆದ ರವಿವಾರ ಮಗ ಫೋನು ಮಾಡಿದ್ದ. ಅವರವ್ವನ ಮೊಣಕಾಲು ನೋವನ್ನು ವಿಚಾರಿಸಿ, "ಗಾಡಿ ಹೆಂಗೈತ್ರಿ ಅಪ್ಪಾ?" ಎಂದ.

"ಬೀಳಗಿಗೆ ಹೋಗಿ ಬಂದೀವಿ, ಮೈತುಂಬ ಧೂಳ ಕುಂತೈತಿ."

"ಒರೆಸಿಲ್ಲೇನ್ರಿ?"

"ಇಲ್ಲಪಾ. ನಾಳೆ ಮುಂಜಾನೆ ಸಿಹಿನೀರ ಬರೂ ಪಾಳಿ ಐತಿ. ಅಲ್ಲೀತನಾ ಇರಲಿ ಅಂತ ಬಿಟ್ಟೀನಿ."

ಅವನು ನಕ್ಕದ್ದು ಫೋನಿನಲ್ಲಿ ಕೇಳಿಸಿತು.