ಮೆನುವಿನಲ್ಲಿ ವಿಭಕ್ತಿ ಪ್ರತ್ಯಯ



ನಿವೃತ್ತನಾದ ಮೇಲೆ ವಿಭಕ್ತಿ ಪ್ರತ್ಯಯಗಳನ್ನು ಕುರಿತು ಯಾರೊಡನೆಯಾದರೂ ವಾದಿಸುವ ಸಂದರ್ಭ ಇನ್ನು ಬರಲಾರದೆಂದು ಭಾವಿಸಿದ್ದೆ. ಎಂಟನೆಯ ತರಗತಿಯಲ್ಲಿ ಪ್ರಥಮಾ, ದ್ವಿತೀಯಾ ಎಂದು ಕೋಷ್ಟಕ ಬರೆಸಿ ನಿಮ್ಮಲ್ಲಿ ಅನೇಕರ ನಿದ್ದೆ ಕೆಡಿಸಿದವನು ನಾನು. ಈ ಕೋಷ್ಟಕ ಪರೀಕ್ಷೆಯ ಹೊರಗೆ ಎಲ್ಲಿಯಾದರೂ ಉಪಯೋಗಕ್ಕೆ ಬರುವುದುಂಟೇ ಎಂದು ಕೇಳಿದವರೂ ನಿಮ್ಮಲ್ಲಿಯೇ ಇದ್ದೀರಿ. ಉಂಟು. ಕಂಪ್ಯೂಟರಿನ ಮೆನುವಿನಲ್ಲಿ ಬರುತ್ತದೆ. ಅದು ಹೇಗೆಂಬುದನ್ನು ಇಂದು ಬರೆಯುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಖಾನಾಪುರದ ಕಡೆಯವನು, ಅಂಗಡಿಗಳಿಗೂ ಸಣ್ಣ ಸಹಕಾರಿ ಸಂಘಗಳಿಗೂ ಲೆಕ್ಕಪತ್ರದ ತಂತ್ರಾಂಶ ಬರೆದುಕೊಟ್ಟು ಜೀವನ ನಡೆಸುತ್ತಾನೆ. ಒಂದು ಭಾನುವಾರ ರಾಮತೀರ್ಥ ನಗರದ ನಮ್ಮ ಮನೆಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. "ಸರ್, ಈ ಮೆನು ಎಲ್ಲಾ ಕನ್ನಡದಾಗ ಆಗಬೇಕ್ರಿ. ನೂರಾ ಹತ್ತು ಶಬ್ದ ಅದಾವು ನೋಡ್ರಿ, ಒಂದು ತಾಸಿನ ಕೆಲಸ" ಎಂದ. ಆ ಒಂದು ತಾಸು ನಾಲ್ಕು ಭಾನುವಾರ ಹಿಡಿಯಿತು.

ಅವನು ಬಂದದ್ದಕ್ಕೆ ಒಂದು ಕಾರಣವಿತ್ತು. ಅವನ ತಂತ್ರಾಂಶವನ್ನು ಬಳಸುತ್ತಿದ್ದ ಒಂದು ಸಂಘದ ಗುಮಾಸ್ತರು ಐವತ್ತು ದಾಟಿದವರು. ಕನ್ನಡ, ಮರಾಠಿ ಎರಡನ್ನೂ ನೀರು ಕುಡಿದಂತೆ ಓದಬಲ್ಲರು. ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದಬೇಕು. ಮೆನು ಇಂಗ್ಲಿಷಿನಲ್ಲಿತ್ತು. ಅವರು ಅದನ್ನು ಓದುತ್ತಲೇ ಇರಲಿಲ್ಲ, ಎಣಿಸುತ್ತಿದ್ದರು. ಎಡಗಡೆಯಿಂದ ಎರಡನೆಯದನ್ನು ಒತ್ತುವುದು, ಇಳಿದು ಬಂದ ಪಟ್ಟಿಯಲ್ಲಿ ಮೇಲಿನಿಂದ ಮೂರನೆಯದನ್ನು ಒತ್ತುವುದು, ರಸೀದಿ ಬರುತ್ತದೆ. ಎರಡು ವರ್ಷ ಹೀಗೆಯೇ ನಡೆಯಿತು, ಒಂದು ದಿನವೂ ತಪ್ಪಲಿಲ್ಲ. ಒಂದು ಮಾರ್ಚ್ ತಿಂಗಳಲ್ಲಿ ತಂತ್ರಾಂಶದ ಹೊಸ ಆವೃತ್ತಿ ಹಾಕಿದಾಗ ಆ ಮೂರನೆಯ ಸ್ಥಾನಕ್ಕೆ ಬೇರೊಂದು ಆಯ್ಕೆ ಬಂದು ಕುಳಿತಿತ್ತು: ದಿನದ ಲೆಕ್ಕ ಮುಚ್ಚುವುದು. ಗುಮಾಸ್ತರು ಎಂದಿನಂತೆ ಎಣಿಸಿ ಒತ್ತಿದರು. "ಖಚಿತವೇ?" ಎಂದು ಕೇಳಿದ ಪೆಟ್ಟಿಗೆಯೂ ಇಂಗ್ಲಿಷಿನಲ್ಲಿಯೇ ಇತ್ತು, ಅದಕ್ಕೂ ರೂಢಿಯಂತೆ ಹೌದೆಂದರು. ಬೆಳಿಗ್ಗೆ ಹನ್ನೊಂದಕ್ಕೇ ಆ ದಿನದ ಲೆಕ್ಕ ಮುಚ್ಚಿಹೋಯಿತು. ಕಾಡಂಚಿನ ಊರಿನಿಂದ ಮೊದಲ ಬಸ್ಸಿಗೆ ಬಂದು ಸಾಲದ ಕಂತು ಕಟ್ಟಲು ಸಾಲಿನಲ್ಲಿ ನಿಂತಿದ್ದ ಹೆಣ್ಣುಮಗಳೊಬ್ಬಳಿಗೆ "ನಾಳೆ ಬಾರವ್ವಾ" ಎಂದು ಹೇಳಬೇಕಾಯಿತು. ಅವಳ ಎರಡು ದಿನದ ಕೂಲಿ ಹೋಯಿತು, ಎರಡು ಸಲದ ಬಸ್ಸಿನ ಚಾರ್ಜೂ ಹೋಯಿತು. ಇದನ್ನು ಹೇಳುವಾಗ ನನ್ನ ವಿದ್ಯಾರ್ಥಿ ತಲೆ ಎತ್ತಲಿಲ್ಲ.

ನನಗೆ ಈ ಪ್ರಸಂಗದಲ್ಲಿ ನಮ್ಮ ಪ್ರಶ್ನೆಪತ್ರಿಕೆಗಳ ನೆನಪಾಯಿತು. ಹಿಂದೆ ಡಾಸ್ ಕಾಲದ ಕಂಪ್ಯೂಟರಿನ ಮುಂದೆ ಕುಳಿತರೆ ಕಪ್ಪು ಪರದೆಯಲ್ಲಿ ಒಂದು ಗೆರೆ ಮಿನುಗುತ್ತಿತ್ತು. ಆಜ್ಞೆಯ ಹೆಸರು ಬಾಯಿಪಾಠವಿದ್ದರೆ ಸರಿ, ಇಲ್ಲದಿದ್ದರೆ ಸುಮ್ಮನೆ ಕೂರಬೇಕು. ಅದು 'ಬಿಟ್ಟ ಸ್ಥಳ ತುಂಬಿರಿ'. ಮೆನು ಎಂಬುದು 'ಸರಿಯಾದ ಉತ್ತರವನ್ನು ಆರಿಸಿರಿ'. ಆಯ್ಕೆಗಳು ಕಣ್ಣೆದುರಿಗಿರುತ್ತವೆ, ಗುರುತಿಸಿದರೆ ಸಾಕು. ಒತ್ತಿದಲ್ಲಿಯೇ ಮೂಡುವ ಪಾಪ್‌ಅಪ್ ಮೆನು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದ ಸ್ಮಾಲ್‌ಟಾಕ್‌ನಲ್ಲಿ ಕಾಣಿಸಿಕೊಂಡಿತು. ಪರದೆಯ ಮೇಲ್ತುದಿಯ ಪಟ್ಟಿಯಿಂದ ಕೆಳಗಿಳಿಯುವ ಮೆನುವನ್ನು ಆಪಲ್ ಸಂಸ್ಥೆಯ ಲೀಸಾ ಯಂತ್ರಕ್ಕಾಗಿ ರೂಪಿಸಿದವರು ಬಿಲ್ ಅಟ್ಕಿನ್ಸನ್. ಲೀಸಾ ಬಂದದ್ದು 1983ರಲ್ಲಿ, ಅದೇ ಮೆನುವನ್ನು ಜನರ ಬಳಿಗೆ ಒಯ್ದ ಮ್ಯಾಕಿಂಟಾಶ್ ಬಂದದ್ದು 1984ರಲ್ಲಿ. 2025ರಲ್ಲಿ ತೀರಿಕೊಂಡ ಆ ಮಹನೀಯರಿಗೆ ಖಾನಾಪುರ ತಾಲೂಕಿನ ಒಬ್ಬ ಗುಮಾಸ್ತರ ಪರವಾಗಿ ಒಂದು ನಮಸ್ಕಾರ ಸಲ್ಲಬೇಕು. ಆದರೆ ಆಯ್ಕೆಗಳೇ ಅರ್ಥವಾಗದ ಭಾಷೆಯಲ್ಲಿದ್ದರೆ 'ಸರಿಯಾದ ಉತ್ತರವನ್ನು ಆರಿಸಿರಿ' ಎಂಬ ಪ್ರಶ್ನೆ ಏನಾಗುತ್ತದೆ? ಪಕ್ಕದವನು ಬೆರಳು ತೋರಿಸಿದ ಹಾಗೆ ಮೂರನೆಯದಕ್ಕೆ ಗುರುತು ಹಾಕುವುದಾಗುತ್ತದೆ. ಗುಮಾಸ್ತರು ಮಾಡಿದ್ದೂ ಅದನ್ನೇ.

ಮೊದಲ ಭಾನುವಾರ ನಾಮಪದಗಳನ್ನು ಹಿಡಿದೆವು. 'ಫೈಲ್' ಎಂಬುದಕ್ಕೆ 'ಕಡತ' ಎಂದು ನಾನು ಬರೆದಾಗ, ಅದು ಸರಕಾರಿ ಕಚೇರಿಯ ಶಬ್ದವಲ್ಲವೇ ಎಂದು ಅವನು ಅನುಮಾನಿಸಿದ. ಅಲ್ಲ ಮಹಾರಾಯ! ಕಡತವೆಂದರೆ ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚಿರಪರಿಚಿತ. ಮಡಚಿಟ್ಟದ್ದನ್ನು ಎಳೆದರೆ ಕೆಳಕ್ಕೆ ಬಿಚ್ಚಿಕೊಳ್ಳುವ ವಸ್ತುವಿನ ಹೆಸರು ಇಳಿದುಬರುವ ಮೆನುವಿನ ನೆತ್ತಿಯ ಮೇಲೆ ಕುಳಿತಿರುವುದು ನನಗಂತೂ ಬಹಳ ಹಿಡಿಸಿತು. ಲೆಕ್ಕದ ಶಬ್ದಗಳಿಗೆ ನಾವು ದೂರ ಹೋಗಬೇಕಾಗಲಿಲ್ಲ. ನಮ್ಮ ಭಾಗದ ಅಂಗಡಿಗಳಲ್ಲಿ ತಲೆಮಾರುಗಳಿಂದ ಇರುವ ಕಿರ್ದಿ, ಖತಾವಣಿ, ಜಮಾ, ನಾವೆ ಇವೆಲ್ಲ ಹಾಗೆಯೇ ಒಳಗೆ ಬಂದವು. ತೊಡಕಾದದ್ದು 'ಪಾವತಿ'. ಅವನು ಎಲ್ಲಿಂದಲೋ ತಂದ ಶಬ್ದಪಟ್ಟಿಯಲ್ಲಿ ಹಣ ಕೊಡುವುದಕ್ಕೆ ಪಾವತಿ ಎಂದಿತ್ತು. ಬೆಂಗಳೂರಿನವರಿಗೆ ಅದು ಸರಿ. ನಮ್ಮ ಕಡೆ ಪಾವತಿಯೆಂದರೆ ಹಣ ಕಟ್ಟಿದ ಮೇಲೆ ಕೈಗೆ ಬರುವ ಚೀಟಿ. ಆ ಶಬ್ದವನ್ನೇ ಕೈಬಿಟ್ಟು 'ಹಣ ಕೊಟ್ಟದ್ದು', 'ರಸೀದಿ' ಎಂದು ಬೇರೆ ಬೇರೆ ಮಾಡಿದೆವು.

ಎರಡನೆಯ ಭಾನುವಾರ ಕ್ರಿಯಾಪದಗಳು. ಇಂಗ್ಲಿಷಿನಲ್ಲಿ ಆಜ್ಞೆಗೆ ಒಂದೇ ರೂಪ. ನಮ್ಮಲ್ಲಿ 'ತೆರೆ' ಎನ್ನಬೇಕೋ, 'ತೆರೆಯಿರಿ' ಎನ್ನಬೇಕೋ? ಬೆಳಗಾವಿಯವರಿಗೆ 'ರೀ' ಇಲ್ಲದೆ ಮಾತೇ ಹೊರಡುವುದಿಲ್ಲ, ಆದ್ದರಿಂದ ಎಲ್ಲೆಡೆ ಬಹುವಚನವಿರಲಿ ಎಂಬುದು ಅವನ ವಾದ. ಮಾತನಾಡುತ್ತಿರುವವರು ಯಾರು ಎಂಬುದನ್ನು ಮೊದಲು ನೋಡಬೇಕು ಎಂಬುದು ನನ್ನ ಪಟ್ಟು. ಮೆನುವಿನಲ್ಲಿರುವುದು ಮನುಷ್ಯ ಯಂತ್ರಕ್ಕೆ ಹೇಳುವ ಮಾತು: ತೆರೆ, ಉಳಿಸು, ಮುದ್ರಿಸು. ಯಂತ್ರಕ್ಕೆ ಏಕವಚನ ಸಾಕು. ಪೆಟ್ಟಿಗೆಯಲ್ಲಿ ಮೂಡುವುದು ಯಂತ್ರ ಮನುಷ್ಯನಿಗೆ ಹೇಳುವ ಮಾತು: ಸದಸ್ಯರ ಸಂಖ್ಯೆಯನ್ನು ಬರೆಯಿರಿ. ಅಲ್ಲಿ ಬಹುವಚನವೇ ಬೇಕು. ಈ ನಿಯಮವನ್ನು ಹಿಡಿದು ಎಲ್ಲವನ್ನೂ ತಿದ್ದಿದೆವು. ಒಂದೇ ಒಂದು ಕಡೆ ಅದು ಕೈಕೊಟ್ಟಿತು. ಕಡತದ ಮೆನುವಿನ ಕೊನೆಯ ಸಾಲಿಗೆ 'ಹೊರಹೋಗು' ಎಂದು ಹಾಕಿದ್ದೆವು. ಗುಮಾಸ್ತರಿಗೆ ತೋರಿಸಿದಾಗ ಅವರು ಗಂಭೀರವಾಗಿ, "ಇದು ನನಗ ಹೇಳತೈತೇನ್ರಿ?" ಎಂದು ಕೇಳಿದರಂತೆ. 'ಹೋಗಿ ಬರ್ತೀನ್ರಿ' ಎಂದೇ ಹೇಳಿ ಎದ್ದುಹೋಗುವ ಜನರ ನಡುವೆ 'ಹೊರಹೋಗು' ಎಂಬ ಶಬ್ದ ನಡೆಯದು. ಅದೀಗ 'ಕೆಲಸ ಮುಗಿಸು' ಎಂದಾಗಿದೆ.

ಇನ್ನು ವಿಭಕ್ತಿಯ ವಿಷಯ. ಸದಸ್ಯರ ಯಾದಿಯಲ್ಲಿ ಒಂದು ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಅಲ್ಲಿಯೇ ಒಂದು ಚಿಕ್ಕ ಮೆನು ಮೂಡಬೇಕು, ಅದರಲ್ಲಿ ಆ ಸದಸ್ಯರ ಹೆಸರೂ ಇರಬೇಕು. ವಿಂಡೋಸ್ 95 ಬಂದ ಮೇಲೆ ಈ ಬಲಗುಂಡಿಯ ರೂಢಿ ಎಲ್ಲರಿಗೂ ಅಂಟಿತು. ಅವನ ಪ್ರೋಗ್ರಾಮು ಈ ಸಾಲನ್ನು ತುಂಡುಗಳಿಂದ ಕಟ್ಟುತ್ತಿತ್ತು. ಮೊದಲು 'ತೋರಿಸು' ಎಂಬರ್ಥದ ತುಂಡು, ಆಮೇಲೆ 'ಸಾಲ' ಎಂಬ ತುಂಡು, ಕೊನೆಗೆ ಹೆಸರು. ಇಂಗ್ಲಿಷಿಗೆ ಆ ಕ್ರಮ ಒಪ್ಪುತ್ತದೆ. ಕನ್ನಡದಲ್ಲಿ ಹೆಸರು ಮೊದಲು, ಕ್ರಿಯಾಪದ ಕೊನೆಗೆ. ತುಂಡುಗಳನ್ನೆಲ್ಲ ಕನ್ನಡಿಸಿದರೂ ಬರುವ ವಾಕ್ಯ 'ತೋರಿಸು ಸಾಲ ಬಸಪ್ಪ'. ಕ್ರಮವನ್ನು ತಿರುಗಿಸಿ ಹೆಸರಿನ ಮುಂದೆ 'ನ' ಅಂಟಿಸಿದ. ಬಸಪ್ಪನ ಸಾಲ ಸರಿಹೋಯಿತು. ಮರುಕ್ಷಣವೇ 'ಮಾದೇವಿನ ಸಾಲ', 'ಗುರುನ ಸಾಲ' ಬಂದು ಹಲ್ಲು ಕಿರಿದವು. ಮಾದೇವಿಯ, ಗುರುವಿನ ಎಂದಾಗಬೇಕು. ದ್ವಿತೀಯಾ ವಿಭಕ್ತಿಯಲ್ಲಿ ಇನ್ನೂ ಫಜೀತಿ: ಬಸಪ್ಪನನ್ನು, ಮಾದೇವಿಯನ್ನು, ಗುರುವನ್ನು. ನಕಾರ, ಯಕಾರಾಗಮ, ವಕಾರಾಗಮ. ಎಂಟನೆಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಿದ್ದ ಹುಡುಗ ನಲವತ್ತರ ಪ್ರಾಯದಲ್ಲಿ ನನ್ನ ಮುಂದೆ ಕುಳಿತು ಆಗಮ ಸಂಧಿಯ ನಿಯಮಗಳನ್ನು ತಾನಾಗಿಯೇ ಕೇಳಿ ಬರೆದುಕೊಂಡ. ಮೂವತ್ತು ವರ್ಷಗಳ ಮೇಷ್ಟರಿಕೆಯಲ್ಲಿ ನನಗೆ ಅಂಥ ಏಕಾಗ್ರತೆಯ ವಿದ್ಯಾರ್ಥಿ ಸಿಕ್ಕಿರಲಿಲ್ಲ!

ಆದರೆ ನಿಯಮಗಳನ್ನೆಲ್ಲ ಯಂತ್ರಕ್ಕೆ ಕಲಿಸುವುದು ಈ ಸಣ್ಣ ಕೆಲಸಕ್ಕೆ ಅತಿಯಾಯಿತು. ಅದಕ್ಕಿಂತ ಸುಲಭದ ದಾರಿ ಕನ್ನಡದಲ್ಲಿಯೇ ಇತ್ತು. ಹೆಸರಿಗೆ ಪ್ರತ್ಯಯವನ್ನು ಅಂಟಿಸದೆ, ನಡುವೆ ಇನ್ನೊಂದು ಶಬ್ದವನ್ನು ನಿಲ್ಲಿಸಿ ಪ್ರತ್ಯಯವನ್ನು ಅದರ ಹೆಗಲಿಗೆ ಹೊರಿಸುವುದು. ಮನುಷ್ಯರಾದರೆ 'ಅವರು': ಬಸಪ್ಪ ಅವರ ಸಾಲ, ಮಾದೇವಿ ಅವರ ಸಾಲ, ಗುರು ಅವರ ಸಾಲ. ಹೆಸರು ಯಾವ ಸ್ವರದಲ್ಲಿ ಮುಗಿದರೂ ಬಾಧಕವಿಲ್ಲ. ವಸ್ತುವಾದರೆ 'ಎಂಬ': ಇಂಥ ಹೆಸರು ಎಂಬ ಕಡತವನ್ನು ತೆರೆ. ಇದರಲ್ಲಿ ನನಗೆ ವ್ಯಾಕರಣಕ್ಕಿಂತ ಹೆಚ್ಚು ಸಂತೋಷ ಕೊಟ್ಟ ಸಂಗತಿ ಬೇರೆ ಇದೆ. ಸಂಘದ ಕಟ್ಟೆಯ ಮುಂದೆ 'ಏ ಮಾದೇವಿ' ಎಂದು ಕರೆಸಿಕೊಳ್ಳುವ ಕೂಲಿಯ ಹೆಣ್ಣುಮಗಳೂ ಪರದೆಯ ಮೇಲೆ 'ಮಾದೇವಿ ಅವರು' ಆಗಿಬಿಟ್ಟಳು.

ಇದಕ್ಕಾಗಿ ಪ್ರೋಗ್ರಾಮಿನಲ್ಲಿ ಅವನು ಮಾಡಿದ ಬದಲಾವಣೆಯನ್ನು ಆ ವೃತ್ತಿಯಲ್ಲಿರುವ ನಿಮ್ಮ ಗಮನಕ್ಕೆ ತರಬೇಕು. ತುಂಡುಗಳನ್ನು ಜೋಡಿಸುವುದನ್ನು ಬಿಟ್ಟು, ಇಡೀ ವಾಕ್ಯವನ್ನು ಒಂದೇ ಸಾಲಾಗಿ ಬರೆದು, ಹೆಸರು ಬರಬೇಕಾದ ಜಾಗದಲ್ಲಿ ಪುಷ್ಪಾವರಣದೊಳಗೆ ಒಂದು ಗುರುತನ್ನಿಟ್ಟ. ಅನುವಾದಿಸುವವನು ಆ ಗುರುತನ್ನು ವಾಕ್ಯದ ಮೊದಲಿಗೋ ನಡುವಿಗೋ ಒಯ್ದಿಡಬಹುದು. ವಾಕ್ಯಗಳೆಲ್ಲ ಪ್ರೋಗ್ರಾಮಿನಿಂದ ಹೊರಬಂದು ಗೆಟ್‌ಟೆಕ್ಸ್ಟ್ ಎಂಬ ಪದ್ಧತಿಯ ಪ್ರತ್ಯೇಕ ಕಡತದಲ್ಲಿ ಕುಳಿತವು: ಮೇಲೊಂದು ಸಾಲು ಮೂಲ, ಕೆಳಗೊಂದು ಸಾಲು ಕನ್ನಡ, ನಮ್ಮ ಪ್ರಶ್ನೋತ್ತರದ ವಹಿಯ ಹಾಗೆ. ಲಿನಕ್ಸ್‌ನ ಗ್ನೋಮ್ ಪರದೆಯನ್ನು ಸ್ವಯಂಸೇವಕರು ಕನ್ನಡಕ್ಕೆ ತಂದದ್ದೂ ಇದೇ ಪದ್ಧತಿಯಲ್ಲಿ. ಇಂಥ ಕಡತವನ್ನು ತಿದ್ದಲು ಪ್ರೋಗ್ರಾಮಿಂಗ್ ಬರಬೇಕಿಲ್ಲ. ನಾನೇ ತಿದ್ದಿದೆ.

ನಮ್ಮ ಶಾಲೆಗೆ ಕಂಪ್ಯೂಟರ್ ಬಂದ ಕಾಲದಲ್ಲಿ ಇದು ಆಗುತ್ತಿರಲಿಲ್ಲ. ಆಗ ನುಡಿ, ಬರಹಗಳ ದೆಸೆಯಿಂದ ಪುಟದೊಳಗೆ ಕನ್ನಡ ಮೂಡುತ್ತಿತ್ತು. ಮೇಲಿನ ಮೆನುವಿನ ಅಕ್ಷರ ಯಂತ್ರದ ಸ್ವಂತದ್ದು, ಅಲ್ಲಿ ನಮ್ಮ ಫಾಂಟಿಗೆ ಪ್ರವೇಶವಿರಲಿಲ್ಲ. ಕನ್ನಡ ಯೂನಿಕೋಡಿನಲ್ಲಿ 1991ರಿಂದಲೇ ಇದ್ದರೂ, ತುಂಗಾ ಎಂಬ ಫಾಂಟಿನೊಡನೆ ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದ ಮೇಲೆಯೇ ಮೆನುವಿನ ಬಾಗಿಲು ತೆರೆದದ್ದು. ತೆರೆದ ಬಾಗಿಲು ಸ್ವಲ್ಪ ಗಿಡ್ಡದ್ದೆಂಬುದು ನಮಗೆ ಮೂರನೆಯ ಭಾನುವಾರ ತಿಳಿಯಿತು. ಅಂದವಾಗಿ ಕಾಣಲೆಂದು ಅವನು ಮೆನುವಿನ ಸಾಲುಗಳ ಎತ್ತರವನ್ನು ಇಂಗ್ಲಿಷ್ ಅಕ್ಷರದ ಅಳತೆಗೆ ಬಿಗಿಮಾಡಿದ್ದ. ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ; ಅವುಗಳ ಕಾಲು ಕತ್ತರಿಸಿತು. 'ಬಡ್ಡಿ' ಎಂದಿದ್ದಲ್ಲಿ ಒತ್ತು ಮಾಯವಾಗಿ 'ಬಡಿ' ಉಳಿಯಿತು. 'ಸಾಲಗಾರರ ಬಡಿ' ಎಂಬ ಮೆನುವನ್ನು ಯಾವ ಸಂಘ ತಾನೇ ಇಟ್ಟುಕೊಂಡೀತು! ಎತ್ತರವನ್ನು ಫಾಂಟೇ ನಿರ್ಧರಿಸಲೆಂದು ಬಿಟ್ಟುಕೊಟ್ಟ ಮೇಲೆ ಬಡ್ಡಿ ಮರಳಿ ಬಂತು.

ಕೀಲಿಮಣೆಯ ಒಂದು ಸಂಗತಿ ಉಳಿದಿದೆ. ಇಂಗ್ಲಿಷ್ ಮೆನುವಿನ ಶಬ್ದಗಳಲ್ಲಿ ಒಂದು ಅಕ್ಷರದ ಕೆಳಗೆ ಗೆರೆ ಇರುತ್ತದೆ. ಆಲ್ಟ್ ಕೀಲಿಯೊಡನೆ ಆ ಅಕ್ಷರವನ್ನು ಒತ್ತಿದರೆ ಮೌಸಿಲ್ಲದೆಯೇ ಮೆನು ತೆರೆಯುತ್ತದೆ. 'ಕ್ರ' ಎಂಬಲ್ಲಿ ಯಾವುದರ ಕೆಳಗೆ ಗೆರೆ ಎಳೆಯುವುದು, ಯಾವ ಕೀಲಿಯನ್ನು ಒತ್ತುವುದು? ಜಪಾನೀಯರು ತಮ್ಮ ಶಬ್ದದ ಮುಂದೆ ಆವರಣದಲ್ಲಿ ಇಂಗ್ಲಿಷಿನ ಅಕ್ಷರವೊಂದನ್ನು ಇಟ್ಟುಬಿಡುತ್ತಾರೆ. ಗ್ನೋಮ್‌ನ ಕನ್ನಡದಲ್ಲಿಯೂ ಹಾಗೆಯೇ ಮಾಡಿದ್ದಾರೆ. ನೋಡಲು ಅಷ್ಟೇನೂ ಚೆನ್ನಾಗಿಲ್ಲ. ಬೇರೆ ದಾರಿ ಕಾಣದೆ ನಾವೂ ಅದನ್ನೇ ಅನುಸರಿಸಿದೆವು.

ದಿನದ ಲೆಕ್ಕ ಮುಚ್ಚುವ ಆಯ್ಕೆಯನ್ನು ಈಗ ಪಟ್ಟಿಯ ತಳದಲ್ಲಿ, ಅಡ್ಡಗೆರೆಯ ಆಚೆ ಇರಿಸಲಾಗಿದೆ. ಸಂಜೆ ಐದರವರೆಗೆ ಅದು ಮಸುಕಾಗಿಯೇ ಇರುತ್ತದೆ, ಒತ್ತಿದರೂ ಕದಲುವುದಿಲ್ಲ. ರಸೀದಿ ಮುದ್ರಿಸುವುದು ಮೂರನೆಯ ಸ್ಥಾನಕ್ಕೆ ಮರಳಿದೆ. ಗುಮಾಸ್ತರು ಇನ್ನೂ ಎಣಿಸಿಯೇ ಒತ್ತುತ್ತಾರಂತೆ, ಆದರೆ ಒತ್ತುವ ಮೊದಲು ಓದುತ್ತಾರೆ.

ಅದೇ ತಾಲೂಕಿನ ಇನ್ನೊಂದು ಸಂಘದವರಿಗೆ ಮರಾಠಿ ಮೆನು ಬೇಕಾಗಿದೆ. ವಾಕ್ಯಗಳು ಬೇರೆ ಕಡತದಲ್ಲಿರುವುದರಿಂದ ಪ್ರೋಗ್ರಾಮನ್ನು ಮುಟ್ಟದೆ ಇನ್ನೊಂದು ಕಡತವನ್ನು ಸೇರಿಸಿದರಾಯಿತು. ನನ್ನೊಡನೆ ನಿವೃತ್ತರಾದ ಮರಾಠಿ ಅಧ್ಯಾಪಕರೊಬ್ಬರು ಒಪ್ಪಿಕೊಂಡಿದ್ದಾರೆ. ಅವರು ಮಾತ್ರ ಯಂತ್ರಕ್ಕೂ 'ಉಘಡ' ಎನ್ನದೆ 'ಉಘಡಾ' ಎಂದು ಗೌರವದಿಂದಲೇ ಹೇಳಬೇಕೆನ್ನುತ್ತಾರೆ. ಈ ವಿಷಯದಲ್ಲಿ ನಮ್ಮಿಬ್ಬರಿಗೆ ಪ್ರತಿದಿನ ಸಂಜೆಯ ವಾಯುವಿಹಾರದಲ್ಲಿ ವಾದ ನಡೆಯುತ್ತಿದೆ. ನಮ್ಮ ಕನ್ನಡದ ಕಡತದಲ್ಲಿ ಇನ್ನೂ ಒಂದು ಶಬ್ದ ಬಾಕಿ ಇದೆ: 'ಬ್ಯಾಕಪ್'. 'ಮರುಪ್ರತಿ' ಎಂದು ಬರೆದು ಎರಡು ಸಲ ಹೊಡೆದುಹಾಕಿದ್ದೇನೆ. ನಿಮ್ಮ ಅಜ್ಜನ ಅಂಗಡಿಯಲ್ಲಿಯೋ, ಅಪ್ಪನ ಕಚೇರಿಯಲ್ಲಿಯೋ ಲೆಕ್ಕದ ವಹಿಯ ಎರಡನೆಯ ಪ್ರತಿಯನ್ನು ಏನೆಂದು ಕರೆಯುತ್ತಿದ್ದರೆಂಬುದು ನೆನಪಿದ್ದವರು ದಯವಿಟ್ಟು ಬರೆದು ತಿಳಿಸಿರಿ.